ಗಟ್ಟಿ ಓದು

ಕನ್ನಡದಲ್ಲಿ ‘ಗಟ್ಟಿ’ ಎಂಬ ಪುಟ್ಟ ಪದಕ್ಕೆ ಇರುವಷ್ಟು ಕೆಲಸ ನೌಕರಿಯಲ್ಲಿದ್ದಾಗ ನನಗೂ ಇರಲಿಲ್ಲ. ಮೊಸರು ಗಟ್ಟಿಯಾಗಬೇಕು, ಗೋಡೆ ಗಟ್ಟಿಯಿರಬೇಕು, ಸಂಬಂಧ ಗಟ್ಟಿಯಾಗಬೇಕು, ಕಷ್ಟ ಬಂದಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ವಯಸ್ಸಾದರೂ ಕೋಲು ಹಿಡಿಯದೆ ಬೆಳಗಿನ ವಾಕಿಂಗಿಗೆ ಹೊರಡುವ ನಮ್ಮ ಬೀದಿಯ ಹಿರಿಯರನ್ನು ಕಂಡರೆ ‘ಆಸಾಮಿ ಗಟ್ಟಿ’ ಎಂದು ಒಳಗೊಳಗೇ ಅಸೂಯೆ ಪಡಬೇಕು. ಇಷ್ಟು ಸಾಲದೆಂಬಂತೆ ಜೋರಾದ ದನಿಗೂ ನಾವು ಅದೇ ಪದವನ್ನು ದುಡಿಸಿಕೊಳ್ಳುತ್ತೇವೆ. ಹೀಗಾಗಿ ‘ಗಟ್ಟಿಯಾಗಿ ಓದು’ ಎಂದು ಮಗುವಿಗೆ ಹೇಳಿದಾಗ, ಜೋರಾಗಿ ಓದು ಎಂದೋ ಭದ್ರವಾಗಿ ಓದು ಎಂದೋ ಹೇಳಿದವರಿಗೂ ಖಚಿತವಿರುವುದಿಲ್ಲ, ಕೇಳಿದವರಿಗೂ ತಿಳಿಯುವುದಿಲ್ಲ. ಇದೊಂದು ನಿರುಪದ್ರವಿ ಶ್ಲೇಷೆ ಎಂದೇ ನಾನು ಬಹುಕಾಲ ನಂಬಿದ್ದೆ. ಮೇಘನಾ ನಮ್ಮ ಮನೆಗೆ ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು.

ಮೇಘನಾ ನನ್ನ ಹೆಂಡತಿ ಸುಮಿತ್ರಳ ತಂಗಿಯ ಮಗಳು, ಭದ್ರಾವತಿಯವಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ವಿಶ್ವವಿದ್ಯಾಲಯದ ಓದಿನ ಮೊದಲ ಮೆಟ್ಟಿಲಾದ ಬಿ.ಎ.ಗೆ ಶಿವಮೊಗ್ಗದಲ್ಲಿ ಸೇರಿ, ಹಾಸ್ಟೆಲಿನಲ್ಲಿ ಉಳಿದಿದ್ದಳು. ಆದರೆ ಹಾಸ್ಟೆಲಿನ ಕೋಣೆಯಲ್ಲಿದ್ದ ಉಳಿದ ಹುಡುಗಿಯರು ಸ್ವಲ್ಪ ದಿನದಲ್ಲೇ ವಾರ್ಡನ್ನಿಗೆ ದೂರು ಕೊಟ್ಟರು. ಹುಡುಗಿ ಒಳ್ಳೆಯವಳು, ಜಗಳಗಂಟಿಯಲ್ಲ, ಬಕೆಟ್ಟು ಮಗ್ಗುಗಳ ವಿಷಯದಲ್ಲಿಯೂ ಉದಾರಿ. ಆದರೆ ಓದಲು ಕೂತಳೆಂದರೆ ಇಡೀ ಮಹಡಿಗೆ ಅರ್ಥಶಾಸ್ತ್ರ ಕೇಳಿಸುತ್ತದೆ ಎಂಬುದು ಅವರ ಅಳಲು. ಹಾಗಾಗಿ ಟ್ರಂಕು, ಪುಸ್ತಕ, ದನಿ ಸಮೇತ ಅವಳು ವಿದ್ಯಾನಗರದ ನಮ್ಮ ಮನೆಗೆ ಬಂದಳು.

ಇಲ್ಲಿ ನನ್ನ ವಿಚಾರ ಸ್ವಲ್ಪ ಹೇಳಬೇಕು. ನಾನು ನಿವೃತ್ತ ಗ್ರಂಥಪಾಲಕ. ಜನರನ್ನು ಸುಮ್ಮನಿರಿಸುವುದಕ್ಕಾಗಿಯೇ ಸರ್ಕಾರ ನನಗೆ ಜೀವಮಾನವಿಡೀ ಸಂಬಳ ಕೊಟ್ಟಿತು. ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ಕುಳಿತು ಕುಳಿತು, ಕುರ್ಚಿ ಎಳೆದ ಸದ್ದಿಗೂ ಹುಬ್ಬು ಗಂಟಿಕ್ಕುವ ವಿದ್ಯೆ ನನಗೆ ಸಿದ್ಧಿಸಿತ್ತು. ಈಗಲೂ ಮನೆಯಲ್ಲಿ ಸ್ಟೀಲಿನ ಲೋಟ ಬಿದ್ದರೆ ನನ್ನ ಮುಖ ನೋಡಿ ಸುಮಿತ್ರ, “ರೀ, ಇದು ಲೈಬ್ರರಿ ಅಲ್ಲ, ಅಡುಗೆಮನೆ” ಎಂದು ನೆನಪಿಸುತ್ತಾಳೆ. ಪುಸ್ತಕಗಳ ಬೆನ್ನಿನ ಪರಿಚಯ ನನಗಿರುವಷ್ಟು ಈ ಊರಲ್ಲಿ ಬೇರೆಯವರಿಗೆ ಇರಲಿಕ್ಕಿಲ್ಲ, ಹೊಟ್ಟೆಯ ಪರಿಚಯ ಮಾತ್ರ ಅಷ್ಟಕ್ಕಷ್ಟೇ. ಜ್ಞಾನವೆಂಬುದು ಮೌನದಲ್ಲಿ ಬೆಳೆಯುವ ಸಸಿ ಎಂದು ನಾನು ಭಾಷಣಗಳಲ್ಲಿ ಹೇಳುತ್ತಿದ್ದೆ. ನನ್ನ ಮುಂದೆ ಮೌನವಾಗಿ ಕುಳಿತಿದ್ದವರಲ್ಲಿ ಅರ್ಧದಷ್ಟು ಜನ ಫ್ಯಾನಿನ ಗಾಳಿಗೆ ನಿದ್ದೆ ಹೋಗುತ್ತಿದ್ದರು ಎಂಬುದನ್ನು ಹೇಳುತ್ತಿರಲಿಲ್ಲ.

ಇಂಥವನ ಮನೆಯಲ್ಲಿ ಮುಂಜಾನೆಯೇ ಮೇಘನಾಳ ಪಾರಾಯಣ ಶುರುವಾಯಿತು. ‘ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೆ ಬೆಲೆಯಲ್ಲಿ ಉಂಟಾಗುವ ಬದಲಾವಣೆಗೆ ಬೇಡಿಕೆಯ ಪ್ರಮಾಣವು ತೋರುವ ಪ್ರತಿಕ್ರಿಯೆ’ ಎಂಬ ವಾಕ್ಯ ಒಂದೇ ರಾಗದಲ್ಲಿ, ಒಂದೇ ಉಸಿರಿನಲ್ಲಿ, ಮತ್ತೆ ಮತ್ತೆ. ಹಾಲು ತರುವವನು ಗೇಟಿನಲ್ಲಿ ನಿಂತು ಕೇಳಿಸಿಕೊಂಡು, ಯಾವ ದೇವರ ಸ್ತೋತ್ರ ಸಾರ್ ಎಂದ. ರಾತ್ರಿ ಊಟದ ಹೊತ್ತಿಗೆ ಭದ್ರಾವತಿಯಿಂದ ಫೋನು ಬರುತ್ತಿತ್ತು. ಅವಳ ಅಮ್ಮ ಕ್ಷೇಮಸಮಾಚಾರ ಮುಗಿಸಿ, “ಭಾವ, ಅವ್ಳು ಓದ್ತಿದ್ರೆ ಸ್ವಲ್ಪ ಕೇಳ್ಸಿ” ಎನ್ನುತ್ತಿದ್ದಳು. ನಾನು ಫೋನನ್ನು ಕೋಣೆಯ ಬಾಗಿಲ ಬಳಿ ಮಂಗಳಾರತಿ ತಟ್ಟೆಯಂತೆ ಹಿಡಿದು ನಿಲ್ಲುತ್ತಿದ್ದೆ. ಸದ್ದು ಕೇಳಿದರೆ ಆ ತಾಯಿಗೆ ಸಮಾಧಾನ. ಸದ್ದಿಲ್ಲದಿದ್ದರೆ ಮಗಳು ಮೊಬೈಲು ನೋಡುತ್ತಿದ್ದಾಳೆಂದೇ ಲೆಕ್ಕ.

ನಗುವುದು ಸುಲಭ. ಆದರೆ ಅವಳು ಬೆಳೆದ ಮನೆಯನ್ನು ನಾನು ನೋಡಿದ್ದೇನೆ. ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ್ದ, ಒಂದರ ಬೆನ್ನಿಗೊಂದು ಅಂಟಿಕೊಂಡ ಸಾಲುಮನೆಗಳು. ಒಂದು ಕಡೆಯ ಗೋಡೆಯಾಚೆ ತಮಿಳು ಸೀರಿಯಲ್ಲು, ಇನ್ನೊಂದು ಕಡೆ ತೆಲುಗಿನಲ್ಲಿ ಜಗಳ, ನಡುವೆ ಕುಕ್ಕರಿನ ಕೂಗು, ಅಪ್ಪನ ಲಗೇಜ್ ಆಟೋ ಬಂದು ನಿಂತ ಆರ್ಭಟ. ಓದಲು ಬೇರೆ ಕೋಣೆಯಿಲ್ಲ, ಮಂಚದ ತುದಿಯೇ ಅವಳ ಪಾಲಿಗೆ ಸಿಕ್ಕ ವಿದ್ಯಾಪೀಠ. ಅಲ್ಲಿ ತನ್ನ ಓದು ತನಗೇ ಕೇಳಿಸಬೇಕಾದರೆ ಕೂಗಲೇಬೇಕು. ಗೋಡೆಯಿಲ್ಲದ ಕಡೆ ಆ ಹುಡುಗಿ ದನಿಯಿಂದಲೇ ಸುತ್ತ ಒಂದು ಗೋಡೆ ಕಟ್ಟಿಕೊಂಡಿದ್ದಳು. ಅದರೊಳಗೆ ಕುಳಿತೇ ಅವಳು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ದಾಟಿದ್ದು. ಇದನ್ನು ನೆನೆದಾಗ ನನ್ನ ಗಂಟಿಕ್ಕಿದ ಹುಬ್ಬಿನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು.

ಕಾಲೇಜಿನ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಬಂದ ದಿನ ಅವಳು ಬಸ್ಸಿಳಿದು ಬಂದವಳೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಕುಳಿತಳು. ಪತ್ರಿಕೆಯ ಪುಟಗಳೆಲ್ಲ ತುಂಬಿದ್ದವು, ಅಕ್ಷರ ಮುದ್ದಾಗಿತ್ತು, ಕೆಳಗೆ ಗೆರೆ ಬೇರೆ ಎಳೆದಿದ್ದಳು. ಅಂಕ ಮಾತ್ರ ತೀರಾ ಕಡಿಮೆ. ಪ್ರತಿ ಉತ್ತರದ ಪಕ್ಕದಲ್ಲೂ ಮೇಷ್ಟ್ರು ‘ಕೇಳಿದ್ದು ಇದಲ್ಲ’ ಎಂದು ಬರೆದಿದ್ದರು. ಪಿಯುಸಿಯಲ್ಲಿ ‘ಎಂದರೇನು’ ಎಂದು ಕೇಳುತ್ತಿದ್ದವರು ಇಲ್ಲಿ ‘ಏಕೆ’ ಎಂದು ಕೇಳಿದ್ದರು, ಇವಳು ‘ಏಕೆ’ಗೂ ‘ಎಂದರೇನು’ ಎಂಬುದನ್ನೇ ಬರೆದು ಬಂದಿದ್ದಳು.

“ನಂಗೆ ಓದು ತಲೆಗೆ ಹತ್ತಲ್ಲ ದೊಡ್ಡಪ್ಪ. ಇನ್ನೊಂದು ಟೆಸ್ಟ್ ನೋಡ್ತೀನಿ. ಅದೂ ಹಿಂಗೇ ಆದ್ರೆ ಊರಿಗೆ ಹೋಗ್ತೀನಿ. ಬಟ್ಟೆ ಅಂಗಡೀಲಿ ಕೆಲ್ಸ ಐತೆ ಅಂತ ಫ್ರೆಂಡ್ ಹೇಳಿದಾಳೆ” ಎಂದಳು. ಅಳಲಿಲ್ಲ, ಅತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಬಟ್ಟೆ ಅಂಗಡಿಯ ಕೆಲಸ ಕೀಳೆಂದು ನಾನು ತಿಳಿದವನಲ್ಲ. ಆದರೆ ತಾನು ದಡ್ಡಿ ಎಂದು ಒಪ್ಪಿಕೊಂಡು ಆ ಕೆಲಸಕ್ಕೆ ಹೋಗುವುದಿತ್ತಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಕೂಡಲೇ ನನ್ನೊಳಗಿನ ಗ್ರಂಥಪಾಲಕ ಎಚ್ಚೆತ್ತ. ಬಣ್ಣದ ಪೆನ್ನುಗಳಿಂದ ಒಂದು ವೇಳಾಪಟ್ಟಿ ತಯಾರಿಸಿ ಗೋಡೆಗೆ ಅಂಟಿಸಿದೆ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ದೀಪ, ದೀಪದ ಕೆಳಗೆ ಮೇಘನಾ. ತುಟಿ ಅಲ್ಲಾಡಿಸದೆ ಓದುವ ಮಹಿಮೆಯ ಬಗ್ಗೆ ದೀರ್ಘವಾಗಿ ಉಪದೇಶಿಸಿದೆ. ಹುಡುಗಿ ವಿಧೇಯಳಾಗಿ ಮೌನವಾಗಿ ಓದಿದಳು, ಎರಡನೆಯ ಪುಟದಲ್ಲಿ ತೂಕಡಿಸಿದಳು. ಕಾವಲಿಗೆ ಕುಳಿತ ನಾನು ಅವಳಿಗಿಂತ ಮೊದಲೇ ಗೊರಕೆ ಹೊಡೆಯುತ್ತಿದ್ದೆನೆಂದು ಸುಮಿತ್ರ ಸಾಕ್ಷಿ ಹೇಳುತ್ತಾಳೆ. ಊರಿನ ಗ್ರಂಥಾಲಯಕ್ಕೂ ಕರೆದೊಯ್ದೆ. ಅಲ್ಲಿ ಅವಳು ಅದೆಷ್ಟು ಬಿಗಿಹಿಡಿದರೂ ಗೊಣಗು ಹೊರಬಂದು, ಅಕ್ಕಪಕ್ಕದವರು ಪತ್ರಿಕೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಒಂದು ಕಾಲದಲ್ಲಿ ಗೊಣಗುವವರನ್ನು ಗದರಿಸುತ್ತಿದ್ದ ನಾನು ಅಂದು ಗದರಿಸಿಕೊಳ್ಳುವವರ ಕಡೆ ಕುಳಿತಿದ್ದೆ. ಅವಳ ಗದ್ದಲವಾಗಲಿ ನನ್ನ ನಿಶ್ಶಬ್ದವಾಗಲಿ ಆ ಪಾಠವನ್ನು ಅವಳೊಳಗೆ ಇಳಿಸಲಿಲ್ಲ.

ದಾರಿ ಸಿಕ್ಕಿದ್ದು ಅಡುಗೆಮನೆಯ ಕಡೆಯಿಂದ, ಅದೂ ಆಕಸ್ಮಿಕವಾಗಿ. ಒಂದು ಸಂಜೆ ಮೇಘನಾ ಮತ್ತೆ ಹಳೆಯ ರಾಗಕ್ಕೆ ಮರಳಿ, ‘ಬೆಲೆಯಲ್ಲಿ ಉಂಟಾಗುವ...’ ಎಂಬಲ್ಲಿ ತಡವರಿಸಿದಳು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸುಮಿತ್ರ, ಸಾಸಿವೆಯ ಚಟಪಟದ ನಡುವೆಯೇ ಉಳಿದರ್ಧವನ್ನು ಸರಾಗವಾಗಿ ಹೇಳಿ ಮುಗಿಸಿದಳು. ವಾರಗಟ್ಟಲೆ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು. ನಾವು ಮೂವರೂ ನಕ್ಕೆವು. ನಗು ಮುಗಿದ ಮೇಲೆ ಸುಮಿತ್ರ ಸೌಟು ಹಿಡಿದೇ ಹೊರಬಂದು ಕೇಳಿದಳು:

“ಅಲ್ಲ ಕಣೇ, ಹಂಗಂದ್ರೆ ಏನು?”

“ಹಂಗಂದ್ರೆ, ಬೆಲೆಯಲ್ಲಿ ಉಂಟಾಗುವ ಬದಲಾವಣೆಗೆ...”

“ಅದು ನಂಗೂ ಬರುತ್ತೆ ಮಾರಾಯ್ತಿ. ಏನು ಹಂಗಂದ್ರೆ?”

ಮೇಘನಾ ನನ್ನ ಕಡೆ ನೋಡಿದಳು. ನಾನು ಎಂದಿನ ಗಾಂಭೀರ್ಯದಿಂದ ಚಾವಣಿ ನೋಡಿದೆ. ನಮ್ಮ ಹಿರಿಯರು ಇದಕ್ಕೆ ಕಂಠಪಾಠ ಎಂದು ಎಷ್ಟು ಸರಿಯಾದ ಹೆಸರಿಟ್ಟಿದ್ದಾರೆ! ಪಾಠ ಕಂಠದ ತನಕ ಬಂದಿರುತ್ತದೆ. ಅಲ್ಲಿಂದ ಮೇಲೆ ತಲೆಗೂ ಏರುವುದಿಲ್ಲ, ಕೆಳಗೆ ಎದೆಗೂ ಇಳಿಯುವುದಿಲ್ಲ. ಆಗ ಮಾತ್ರ ಹುಡುಗಿಯ ಕಣ್ಣು ತುಂಬಿತು. “ನಂಗೆ ಗೊತ್ತಿಲ್ಲ ದೊಡ್ಡಮ್ಮ. ಒಂದೂ ಗೊತ್ತಿಲ್ಲ” ಎಂದಳು.

“ನಂಗೂ ಗೊತ್ತಿಲ್ಲ. ಅದಕ್ಕೆ ಅಳೋದ್ಯಾಕೆ? ಬಾ, ಬೀನ್ಸ್ ಬಿಡಿಸ್ತಾ ನೋಡೋಣ” ಎಂದಳು ಸುಮಿತ್ರ.

ಅಂದು ಅಡುಗೆಮನೆಯ ನೆಲದ ಮೇಲೆ ಪುಸ್ತಕ, ಬೀನ್ಸು, ಇಬ್ಬರು ಹೆಂಗಸರು, ಬಾಗಿಲಲ್ಲಿ ಕಾಫಿಗೆ ಕಾದು ನಿಂತ ನಾನು. ಒಂದು ಸಾಲು ಓದುವುದು, ಪುಸ್ತಕ ಮಗುಚಿಡುವುದು, ನೋಡದೆ ತನ್ನ ಮಾತಿನಲ್ಲಿ ಹೇಳುವುದು. ಟೊಮೇಟೊ ತುಟ್ಟಿಯಾದಾಗ ದೊಡ್ಡಮ್ಮ ಏನು ಮಾಡುತ್ತಾಳೆ? ಹುಣಸೆಹಣ್ಣು ಕಿವುಚಿ ಸಾರು ಮಾಡುತ್ತಾಳೆ. ಅಂದರೆ ಬೆಲೆ ಏರಿದೊಡನೆ ಟೊಮೇಟೊ ಕೊಳ್ಳುವುದು ಕುಗ್ಗಿತು. ಉಪ್ಪು ತುಟ್ಟಿಯಾದರೆ? ಬೈದುಕೊಂಡಾದರೂ ತರುತ್ತಾಳೆ. “ಟೊಮೇಟೊದ್ದು ರಬ್ಬರ್ ಬ್ಯಾಂಡ್ ಥರ ಹಿಗ್ಗಿ ಕುಗ್ಗುತ್ತೆ, ಉಪ್ಪಿಂದು ಕುಗ್ಗಲ್ಲ. ಅಷ್ಟೇನಾ ದೊಡ್ಡಮ್ಮ?” ಎಂದು ಮೇಘನಾ ತನ್ನ ಪ್ರಶ್ನೆಗೆ ತಾನೇ ಬೆರಗಾದಳು. ಆಮೇಲೆ ನನ್ನತ್ತ ತಿರುಗಿ, ದೊಡ್ಡಪ್ಪನ ಕಾಫಿಯದು ಯಾವ ಬೆಲೆಗೂ ಬಗ್ಗದ, ಕಿಂಚಿತ್ತೂ ಸ್ಥಿತಿಸ್ಥಾಪಕವಲ್ಲದ ಬೇಡಿಕೆ ಎಂದು ಘೋಷಿಸಿದಳು. ಶಾಸ್ತ್ರವೊಂದರಲ್ಲಿ ನನಗೆ ಉದಾಹರಣೆಯ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ಆ ಸಂಜೆಯಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ನೀವು ನಂಬಬಾರದು. ಮರುದಿನ ಬೇರೆ ಪಾಠ, ಬೇರೆ ಗೋಜಲು. ಕೆಲವು ದಿನ ಸುಮಿತ್ರಳಿಗೆ ಸಿಟ್ಟು, ಕೆಲವು ದಿನ ಹುಡುಗಿಗೆ ಸೋಮಾರಿತನ, ಒಂದು ದಿನವಂತೂ ಹಣದುಬ್ಬರದ ವಿಚಾರಕ್ಕೆ ಇಬ್ಬರೂ ಮಾತು ಬಿಟ್ಟರು. ಆದರೂ ಬೀನ್ಸು, ಬದನೆ, ಹೀರೆಕಾಯಿಗಳ ಜೊತೆ ಅಷ್ಟಷ್ಟು ಅರ್ಥಶಾಸ್ತ್ರವೂ ದಿನಾ ಬೆಂದಿತು. ಹೇಳುತ್ತ ಹೇಳುತ್ತ ನಡುವೆ ಸಿಕ್ಕಿಕೊಂಡರೆ ಮೇಘನಾ ಮೊದಲಿನಂತೆ ದನಿ ಏರಿಸಿ ದಾಟಿಸುತ್ತಿರಲಿಲ್ಲ. “ತಡಿ ದೊಡ್ಡಮ್ಮ, ಇದು ನಂಗೇ ಗೊತ್ತಿಲ್ಲ” ಎಂದು ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮರುದಿನ ತರಗತಿಯಲ್ಲಿ ಎದ್ದು ನಿಂತು ಕೇಳಿ ಬರುತ್ತಿದ್ದಳು. ಮೊದಲ ಸಲ ಬೈಸಿಕೊಳ್ಳಲು ಸಿದ್ಧಳಾಗಿಯೇ ಎದ್ದಿದ್ದಳಂತೆ. ಮೇಷ್ಟ್ರು ಬೈಯಲಿಲ್ಲವಂತೆ, ಹಿಂದಿನ ಬೆಂಚಿನವರು ಆಮೇಲೆ ಬಂದು, ನಮಗೂ ಗೊತ್ತಿರಲಿಲ್ಲ ಕಣೇ, ನೀನು ಕೇಳಿದ್ದು ಒಳ್ಳೇದಾಯ್ತು ಎಂದರಂತೆ. ಇದನ್ನು ಕೇಳಿ ನನಗಾದ ಸಂತೋಷ ನನ್ನ ಬಡ್ತಿಯ ಆದೇಶ ಬಂದಾಗಲೂ ಆಗಿರಲಿಲ್ಲ. ಈ ಕ್ರಮವನ್ನು ಇನ್ನಷ್ಟು ಶಾಸ್ತ್ರೀಯಗೊಳಿಸಲು ಹೊಸದೊಂದು ವೇಳಾಪಟ್ಟಿ ಬರೆಯಹೊರಟ ನನ್ನ ಕೈಯಿಂದ ಸುಮಿತ್ರ ಪೆನ್ನು ಕಿತ್ತುಕೊಂಡು ಹೀರೆಕಾಯಿ ಕೊಟ್ಟಳು.

ಎರಡನೆಯ ಪರೀಕ್ಷೆ ಮುಗಿದ ದಿನ ಸಂಜೆ, ಹೇಳದೆ ಕೇಳದೆ, ಅವಳ ಅಪ್ಪ ನಾಗರಾಜ ಲಗೇಜ್ ಆಟೋ ಸಮೇತ ಬಂದು ನಮ್ಮ ಗೇಟಿನ ಮುಂದೆ ನಿಂತ. ನಾಗರಾಜ ನನ್ನ ಷಡ್ಡಕ, ಮಾತು ಕಡಿಮೆ. ಮೊದಲ ಪರೀಕ್ಷೆಯಾದ ಮೇಲೆ ಮಗಳು ಅಮ್ಮನಿಗೆ ಫೋನಿನಲ್ಲಿ ಏನು ಹೇಳಿದ್ದಳೋ, ಅದು ಅವನ ಕಿವಿಗೆ ಬಿದ್ದಿತ್ತು. ಬೈಯಲು ಬಂದಿರಲಿಲ್ಲ. ಗಾಡಿಯ ಹಿಂಭಾಗವನ್ನು ಗುಡಿಸಿ, ಟ್ರಂಕು ಅಲ್ಲಾಡದಿರಲೆಂದು ಹಗ್ಗ ಇಟ್ಟುಕೊಂಡು, ಪುಸ್ತಕಕ್ಕೆ ಧೂಳು ಹಿಡಿಯದಿರಲೆಂದು ಟಾರ್ಪಾಲು ಮಡಚಿ ತಂದಿದ್ದ. 

ಮೇಘನಾ ಕಾಲೇಜಿನಿಂದ ಬಂದು ಗೇಟಿನಲ್ಲೇ ಅಪ್ಪನನ್ನು ಕಂಡಳು. ಅವನು ಏನನ್ನೂ ನೇರವಾಗಿ ಕೇಳಲಿಲ್ಲ. “ಹೆಂಗಾತಮ್ಮ?” ಎಂದ.

“ಒಂದು ಪ್ರಶ್ನೆ ಬಿಟ್ಟೆ ಅಪ್ಪ.”

ನಾಗರಾಜನ ಮುಖ ಸಣ್ಣಗಾಯಿತು. ಎಂದೂ ಒಂದು ಗೆರೆ ಖಾಲಿ ಬಿಡದೆ ಬರೆದು ಬರುತ್ತಿದ್ದವಳು ಮಗಳು. ಅವನ ಕೈ ತಾನಾಗಿ ಹಗ್ಗದ ಕಡೆ ಹೋಯಿತು. “ಹೋಗ್ಲಿ ಬಿಡಮ್ಮ. ಓದು ಬಿಟ್ರೆ ಏನಾತು, ಮನೆ ಐತೆ, ನಾನಿದೀನಿ” ಎಂದ.

“ಓದು ಬಿಟ್ಟೆ ಅಂದೆನಾ? ಪ್ರಶ್ನೆ ಬಿಟ್ಟೆ. ಅದು ಗೊತ್ತಿರ್ಲಿಲ್ಲ, ಅದ್ಕೆ ಬರೀಲಿಲ್ಲ. ಉಳಿದಿದ್ದೆಲ್ಲ ಗೊತ್ತಿತ್ತು ಅಪ್ಪ. ಗೊತ್ತಿದ್ದೇ ಬರ್ದಿದೀನಿ” ಎಂದಳು ಮೇಘನಾ. ಕೂಗಿ ಹೇಳಲಿಲ್ಲ, ನನಗೂ ಸುಮಿತ್ರಳಿಗೂ ಜಗುಲಿಯಲ್ಲಿ ಕಿವಿಗೊಟ್ಟು ಕೇಳಬೇಕಾಯಿತು.

 ಅಂಕ ಎಷ್ಟು ಬರಬಹುದು ಎಂದು ನಾಗರಾಜ ಕೇಳಲಿಲ್ಲ. ಸುಮಿತ್ರ ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಲೋಟ ಮಗಳ ಕೈಗಿತ್ತು, ಹಗ್ಗವನ್ನು ಸೀಟಿನಡಿಗೆ ಹಾಕಿದ.

“ಹಂಗಾದ್ರೆ ನಾನೊಬ್ನೇ ಹೋಗ್ತೀನಿ” ಎಂದ.

ಬೀದಿಯ ತಿರುವಿನಲ್ಲಿ ಹಂಪು ಸಿಕ್ಕಿ, ಹೊರೆಯಿಲ್ಲದ ಗಾಡಿ ಬೀದಿಯವರೆಲ್ಲ ತಿರುಗಿ ನೋಡುವಂತೆ ಗಡಗಡ ಸದ್ದು ಮಾಡಿತು. ನಾನು ಗೇಟು ಹಿಡಿದು ನಿಂತು, ಆ ಸದ್ದು ಭದ್ರಾವತಿ ರಸ್ತೆಗೆ ಸೇರಿ ಕರಗುವ ತನಕ ಆಸೆಯಿಂದ ಕೇಳಿಸಿಕೊಂಡೆ.