ಇಲ್ಲದ ತಾಲೂಕಿನಲ್ಲಿ ಹುಟ್ಟಿದವರು

ಕೋಡು ಎಮ್ಮೆಗಿದ್ದರೆ ಶೋಭೆ, ಮನುಷ್ಯನಿಗೆ ಮೂಡಿದರೆ ಜಂಬ, ಹೆಂಡತಿಯ ತವರೂರಿನ ಹೆಸರಿಗೇ ಅಂಟಿಕೊಂಡಿದ್ದರೆ ಗಂಡನಿಗೆ ಆಜನ್ಮ ತಿವಿತ. ನನ್ನ ಹೆಂಡತಿ ಸರೋಜಾಳ ತವರು ಕೋಡ. ನಾನು ಅಲ್ಲಿಂದ ಬಸ್ಸಿನಲ್ಲಿ ಒಂದು ಸಣ್ಣ ತೂಕಡಿಕೆಯಷ್ಟು ದೂರವಿರುವ ಹಿರೇಕೆರೂರಿನವನು. ಈಗಿನ ಹಿರೇಕೆರೂರು ತಾಲೂಕಿಗೆ ಹಿಂದಿನ ಕಾಲದಲ್ಲಿ ಕೋಡ ತಾಲೂಕು ಎಂದು ಹೆಸರಿತ್ತು. ಕಚೇರಿ, ಖಜಾನೆ, ಮಾಮಲೇದಾರರ ಕುರ್ಚಿ ಎಲ್ಲ ನಮ್ಮೂರಿನಲ್ಲಿ. ಹೆಸರೊಂದು ಮಾತ್ರ ಅವರೂರಿನದು. ಆ ಹೆಸರು ಅಳಿದು ಎಷ್ಟೋ ಕಾಲವಾದರೂ ನಮ್ಮ ಮನೆಯ ಪಡಸಾಲೆಯಲ್ಲಿ ಅದರ ಆಡಳಿತ ಇನ್ನೂ ಜಾರಿಯಲ್ಲಿದೆ. ಸಾರಿಗೆ ಉಪ್ಪು ಸಾಲದೆಂದು ನಾನು ಗೊಣಗಿದರೆ ಸಾಕು, "ತಾಲೂಕಿನ ಮಂದಿಗೆ ಹಳ್ಳಿಯವರು ಅಡಿಗಿ ಕಲಿಸಾಕ ಬಂದ್ರು" ಎನ್ನುತ್ತಾಳೆ.

ಹೆಸರೊಂದು ಕಡೆ, ಸಂಸಾರ ಇನ್ನೊಂದು ಕಡೆ ಎಂಬ ಈ ವೈಚಿತ್ರ್ಯ ನಮ್ಮದೊಂದೇ ಅಲ್ಲ. ಬಂಕಾಪುರ ತಾಲೂಕಿನ ಕಚೇರಿ ಶಿಗ್ಗಾಂವಿಯಲ್ಲಿತ್ತು. ಹಾನಗಲ್ಲಿನವರು ಮಾತ್ರ ಹೆಸರನ್ನೂ ಕಚೇರಿಯನ್ನೂ ಒಂದೇ ಊರಿನಲ್ಲಿ ಇಟ್ಟುಕೊಂಡ ಜಾಣರು. ಸವಣೂರಿನವರಂತೂ ನವಾಬರ ಸಂಸ್ಥಾನದ ಮಂದಿ. ತಾಲೂಕಿನ ಮಾತೆತ್ತಿದರೆ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಮುಗುಳುನಗುತ್ತಾರೆ, ಅಷ್ಟೆ.

ಹಾಗೆ ಎಲೆಯ ತೊಟ್ಟು ಮುರಿಯುವವರಲ್ಲಿ ಹುಸೇನಸಾಬ ಒಬ್ಬರು. ಹುಟ್ಟಿದ್ದು ಕೋಡದಲ್ಲಿ, ಸರೋಜಾಳ ತವರಿನ ಓಣಿಯಲ್ಲೇ. ಅವರ ತಂದೆ ಇಮಾಮಸಾಬರು ಅರಳೆ ಹಿಂಜುವ ಪಿಂಜಾರರು. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿ ಮಾಡಿಕೊಡುತ್ತಿದ್ದವರು. ಮಗ ಹರೆಯದಲ್ಲಿ ಸವಣೂರಿಗೆ ಹೋಗಿ ವೀಳ್ಯದೆಲೆಯ ವ್ಯಾಪಾರ ಹಿಡಿದು ಅಲ್ಲಿಯೇ ನಿಂತರು. ಸರೋಜಾ ಅವರನ್ನು ಅಣ್ಣ ಎನ್ನುತ್ತಾಳಾದ್ದರಿಂದ ಭಾವಮೈದುನನೆಂಬ ಪದವಿ ನನಗೆ ತಾನಾಗಿ ಬಂದಿದೆ.

ಕಳೆದ ವರ್ಷ ಹುಸೇನಸಾಬರು ಒಂದು ಕಾಗದದ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಅವರೂ ಹೆಂಡತಿ ಫಾತಿಮಾಬಿಯೂ ಹಜ್ ಯಾತ್ರೆಗೆ ಹೊರಡುವವರಿದ್ದರು. ಫಾತಿಮಾಬಿಯ ಪಾಸ್‌ಪೋರ್ಟ್ ಆಗಲೇ ಕೈಗೆ ಬಂದಿತ್ತು. ಇವರದಕ್ಕೆ ಶಾಲೆಯ ದಾಖಲೆ ಬೇಕಿತ್ತು, ಮತ್ತು ಚೀಲದಲ್ಲಿದ್ದ ಆ ಹಳದಿ ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಮುಕ್ಕಾಮ ಕೋಡ, ತಾಲೂಕು ಕೋಡ, ಜಿಲ್ಲಾ ಧಾರವಾಡ.

"ಕಂಪ್ಯೂಟರ್‌ದಾಗ ಈ ತಾಲೂಕ ಇಲ್ಲ ಅಂತಾರ್ರಿ ಮಾಸ್ತರ್ರ," ಎಂದರು. "ನಾ ಎಲ್ಲೆ ಹುಟ್ಟೇನಿ ಅಂತ ನೀವರೆ ಹೇಳ್ರಿ."

ನಲವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರನಿಗೆ ಇಂಥ ಪ್ರಶ್ನೆ ಕೇಳಬಾರದು. ಹಿರೇಕೆರೂರು, ಹಾವೇರಿ ಜಿಲ್ಲೆ ಎಂದು ಮೂರು ಶಬ್ದ ಬರೆದು ಕೈ ತೊಳೆದುಕೊಳ್ಳುವ ಬದಲು ನಾನು ಕೋಡ ತಾಲೂಕಿನ ಉದಯಾಸ್ತಮಾನಗಳನ್ನು ವಿವರಿಸುವ ಒಂದು ದೀರ್ಘ ನಿವೇದನೆಯನ್ನೇ ರಚಿಸಿ, ಅರ್ಜಿಗೆ ಲಗತ್ತಿಸಿದೆ. ಅದರಲ್ಲಿ ಉಪಮಾಲಂಕಾರ ಎರಡು ಕಡೆ ಇತ್ತು. ಹುಸೇನಸಾಬರು ಅದನ್ನು ನನ್ನ ಬಾಯಿಂದ ಎರಡು ಸಲ ಓದಿಸಿ ಕೇಳಿ, ತಲೆದೂಗಿ, ಒಯ್ದರು.

ಅರ್ಜಿ ತಿರುಗಿ ಬಂತು. ಹುಟ್ಟಿದ ಸ್ಥಳದ ವಿಷಯದಲ್ಲಿ ಗೊಂದಲವಿದೆ, ಶಾಲೆಯ ಮೂಲ ದಾಖಲೆ ನೋಡಿ ಮುಖ್ಯಗುರುಗಳು ದೃಢೀಕರಿಸಿದ ಪತ್ರ ತರಬೇಕು ಎಂದು ಸೂಚನೆಯಿತ್ತು. ಗೊಂದಲವೆಲ್ಲ ನನ್ನ ಗದ್ಯದ ಕೊಡುಗೆ. ಯಾತ್ರೆಯ ಕಾಗದಪತ್ರ ಸಲ್ಲಿಸಲು ಉಳಿದದ್ದು ಕೆಲವೇ ದಿನ. ಫಾತಿಮಾಬಿ ಫೋನಿನಲ್ಲಿ ಸರೋಜಾಳಿಗೆ, "ಅವರನ್ನ ಬಿಟ್ಟು ನಾ ಒಬ್ಬಾಕಿ ಹೋಗಂಗಿಲ್ಲ, ತಂಗಿ. ಈ ವಯಸ್ಸಿನ್ಯಾಗ ಮುಂದಿನ ವರ್ಷ ಅನ್ನೂದು ನಮ್ಮ ಕೈಯಾಗಿನ ಮಾತಲ್ಲ" ಎಂದರಂತೆ. ಅದನ್ನು ಹೇಳುವಾಗ ಸರೋಜಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನವೇ ಹುಸೇನಸಾಬರು, ಸರೋಜಾ, ನಾನು ಮೂವರೂ ಕೋಡದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಗೋವಿನಜೋಳ ತೆನೆ ಬಿಟ್ಟು ನಿಂತಿತ್ತು. "ನೀವು ಅಲ್ಲಿ ಬಾಯಿ ತೆರಿಬ್ಯಾಡ್ರಿ," ಎಂದು ಸರೋಜಾ ನನಗೆ ಅಪ್ಪಣೆ ಮಾಡಿದಳು. ಸಾಮ್ರಾಜ್ಯ ಅವಳದು; ಒಪ್ಪಿಕೊಂಡೆ.

ಶಾಲೆಯ ಮುಖ್ಯಗುರು ಒಬ್ಬ ಸಮಾಧಾನದ ಹೆಣ್ಣುಮಗಳು. ಕಪಾಟಿನ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ದಾಖಲಾತಿ ಪುಸ್ತಕಗಳನ್ನು ತೆಗೆಸಿ, ನಮ್ಮೆದುರೇ ಒಂದೊಂದು ಹಾಳೆಯನ್ನು ಜೋಪಾನವಾಗಿ ಮಗುಚಿದರು. ಮೂರನೆಯ ಪುಸ್ತಕದಲ್ಲಿ ಹುಸೇನಸಾಬರು ಸಿಕ್ಕರು. ಹೆಸರು, ಹುಟ್ಟಿದ ತಾರೀಖು, ಊರು ಎಲ್ಲ ಸರಿಯಾಗಿತ್ತು. ಪುಟದ ನೆತ್ತಿಯ ಮೇಲೆ ಕೋಡ ತಾಲೂಕು ಎಂದು ದಪ್ಪಕ್ಷರದಲ್ಲಿತ್ತು. ಸರೋಜಾ ಅದನ್ನು ನನಗೆ ಕಾಣುವಂತೆ ಬೆರಳಿಟ್ಟು ತೋರಿಸಿದಳು.

"ಅಂದಿನ ಕೋಡ ತಾಲೂಕ ಅಂದ್ರ ಇಂದಿನ ಹಿರೇಕೆರೂರ ಅಂತ ಒಂದ ಸಾಲು ಬರದಕೊಡ್ತೇನಿ, ಸಾಕಾಗ್ತದ," ಎಂದರು ಮುಖ್ಯಗುರುಗಳು. ನಾನು ಮೂರು ಪುಟದಲ್ಲಿ ಸಾಧಿಸಲಾಗದ್ದನ್ನು ಅವರು ಹಾಗೆ ಒಂದೇ ಸಾಲಿನಲ್ಲಿ ಮುಗಿಸಿದರು. ಆ ಸಾಲಿನ ಬಲದಿಂದ ಪಾಸ್‌ಪೋರ್ಟ್ ಬಂತು. ಗಂಡ ಹೆಂಡತಿ ಕೂಡಿಯೇ ಹೋಗಿ, ಕೂಡಿಯೇ ತಿರುಗಿ ಬಂದು, ನಮಗೂ ಖರ್ಜೂರ ಕೊಟ್ಟರು. ಆದರೆ ನಾನು ಹೇಳಬೇಕೆಂದದ್ದು ಆ ದಿನ ಶಾಲೆಯಲ್ಲಿ ನಡೆದ ಇನ್ನೊಂದು ಸಂಗತಿ.

ಪತ್ರಕ್ಕೆ ಮೊಹರು ಒತ್ತುವಾಗ ಮುಖ್ಯಗುರುಗಳು ಪುಸ್ತಕವನ್ನು ಹುಸೇನಸಾಬರತ್ತ ತಿರುಗಿಸಿದರು. "ಇಲ್ನೋಡ್ರಿ, ನಿಮ್ಮ ತಂದೀ ಸಹಿ."

"ನಮ್ಮಪ್ಪನ ಸಹಿ ಇರಾಕ ಶಕ್ಯ ಇಲ್ರಿ, ಅಕ್ಕೋರ," ಎಂದರು ಹುಸೇನಸಾಬ. "ಅಂವ ಹೆಬ್ಬಟ್ಟಿನ ಮನಷ್ಯಾ. ಸಾಯೂತನಕ ಎಲ್ಲಾ ಕಾಗದಕ್ಕೂ ಹೆಬ್ಬಟ್ಟ ಒತ್ತಿದಾಂವ."

ಆದರೆ ಸಹಿ ಇತ್ತು. ಅಕ್ಕಪಕ್ಕದ ಸಾಲುಗಳಲ್ಲೆಲ್ಲ ನೀಲಿ ಹೆಬ್ಬೆಟ್ಟುಗಳು. ಈ ಒಂದು ಸಾಲಿನಲ್ಲಿ ಮಾತ್ರ ಕನ್ನಡದ ಅಕ್ಷರಗಳು, ಒಂದು ದೊಡ್ಡದು, ಒಂದು ಸಣ್ಣದು, ಪ್ರತಿಯೊಂದರ ಕೊನೆಗೂ ಮಸಿಯ ಚುಕ್ಕೆ. ಬರೆಯುವವನು ಅಕ್ಷರಕ್ಕೊಮ್ಮೆ ನಿಂತು ಉಸಿರು ಬಿಟ್ಟಂತಿತ್ತು. ಯಾರಿಂದ ಕಲಿತರೋ, ಎಷ್ಟು ದಿನ ಕಲಿತರೋ, ಹೇಳುವವರು ಈಗ ಯಾರೂ ಇಲ್ಲ. ಮಗನನ್ನು ಶಾಲೆಗೆ ಸೇರಿಸುವ ಆ ಒಂದು ದಿನಕ್ಕಾಗಿ ಕಲಿತು, ಮತ್ತೆ ಎಲ್ಲಿಯೂ ಬರೆಯಲಿಲ್ಲವೆಂದು ಕಾಣುತ್ತದೆ.

ಹುಸೇನಸಾಬರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ನನಗಿಂತ ಮೊದಲ ಅಪ್ಪ ಸಾಲಿ ಕಲ್ತಾನ್ರಿ ಮಾಸ್ತರ್ರ," ಎಂದರು. "ಮುಟ್ಟಬಹುದೇನ್ರಿ?"

ಮುಖ್ಯಗುರುಗಳು ತಲೆಯಾಡಿಸಿದರು. ಹುಸೇನಸಾಬರು ತೋರುಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು, ಮಕ್ಕಳು ತಿದ್ದುವ ಹಾಗೆ, ಗೆರೆ ಹೋದಲ್ಲಿ ಹೋಗುತ್ತ ಕೊನೆಯ ಚುಕ್ಕೆಯವರೆಗೂ ನಡೆದರು. ಸರೋಜಾ ಸೆರಗು ಹಿಡಿದು ಕಿಟಕಿಯ ಕಡೆ ತಿರುಗಿದಳು.

ನಾನೂ ಬಗ್ಗಿ ನೋಡಿದೆ. ಇಮಾಮಸಾಬ ಎಂದಿರಬೇಕಾದಲ್ಲಿ ಇಮಮಸಬ ಎಂದಿತ್ತು. ಎರಡು ದೀರ್ಘಗಳು ತಪ್ಪಿದ್ದವು. ಮದುವೆಯ ಆಮಂತ್ರಣ ಪತ್ರಿಕೆಯ ಕಾಗುಣಿತವನ್ನೂ ತಿದ್ದದೆ ಊಟಕ್ಕೆ ಕೂರದ ಮನುಷ್ಯ ನಾನು. "ಎಷ್ಟ ಚಂದ ಬರದಾನಲ್ರಿ?" ಎಂದು ಹುಸೇನಸಾಬರು ನನ್ನನ್ನು ಕೇಳಿದರು.

"ಒಂದೂ ತಪ್ಪಿಲ್ರಿ," ಎಂದೆ.