ಮೂಲೆ ಹಿಡಿದ ಇಲಿ

ಹೆಬ್ಬಾಳದ ಲ್ಯಾಬೊಂದರಲ್ಲಿ ವಿಕಿರಣ ಕೊಟ್ಟ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಹೋದ ಕೂಡಲೇ ಪಂಜರದ ಕಂಬಿಯನ್ನು ಉಗುರಿನಿಂದ ತಟ್ಟುತ್ತೇನೆ. ಗಟ್ಟಿಮುಟ್ಟಾದ ಇಲಿ ಮೂಗು ಅಲ್ಲಾಡಿಸುತ್ತ ಮುಂದೆ ಬರುತ್ತದೆ. ವಿಕಿರಣ ಬಿದ್ದದ್ದು ಮೂಲೆ ಬಿಟ್ಟು ಏಳುವುದಿಲ್ಲ. ಹಾಕಿದ ಕಾಗದದ ಚೂರಿನಲ್ಲಿ ಗೂಡು ಕಟ್ಟಿಕೊಳ್ಳುವುದಿಲ್ಲ, ಮೈ ನೆಕ್ಕಿಕೊಳ್ಳುವುದಿಲ್ಲ. ರಕ್ತ ತೆಗೆಯಲು ಬಾಲ ಹಿಡಿದರೆ ತಣ್ಣಗಿರುತ್ತದೆ, ನರ ಸಿಗುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಬಾಲ ಅದ್ದಿ, ನರ ಉಬ್ಬುವವರೆಗೆ ಕಾಯಬೇಕು.

ಅಕ್ಕನಿಗೆ ಎದೆಯ ಗಡ್ಡೆ ತೆಗೆದ ಮೇಲೆ ಕರೆಂಟ್ ಕೊಡಿಸಬೇಕು ಅಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಕರೆಂಟ್ ಅಂತಲೇ ಹೇಳುವುದು. ಅವಳು ಕೆಂಪಾಪುರದ ನನ್ನ ಮನೆಗೆ ಬಂದಳು. ಲ್ಯಾಬಿನ ಕಥೆಯೆಲ್ಲ ಹೇಳಿಸಿಕೊಂಡು, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂದು ನನ್ನನ್ನು ಛೇಡಿಸುತ್ತಿದ್ದಳು. ನನ್ನ ಸಾರು ಬಾಯಿಗಿಡುವ ಹಾಗಿಲ್ಲ ಎಂದು ಬೈದು, ತಾನೇ ಒಗ್ಗರಣೆ ಹಾಕುತ್ತಿದ್ದಳು.

ಚಿಕಿತ್ಸೆ ಅರ್ಧಕ್ಕೆ ಬರುವಷ್ಟರಲ್ಲಿ ಆ ಬಾಯಿ ನಿಂತುಹೋಯಿತು. ಗೋಡೆಗೆ ಮುಖ ಮಾಡಿ ಮಲಗಿದರೆ ಮುಗಿಯಿತು. ತಲೆಯಾದರೂ ಬಾಚಿಕೋ ಎಂದು ನಾನು ರೇಗಿದರೂ ಏಳುತ್ತಿರಲಿಲ್ಲ. ಸುಸ್ತು ಇದ್ದದ್ದೇ, ಹೋಗುತ್ತೆ ಅಂದರು ಡಾಕ್ಟರು. ಅವರಿಗೇನು, ಅಂದುಬಿಟ್ಟರು! ದಿನವಿಡೀ ಮೂಲೆ ಹಿಡಿದ ಇಲಿಗಳನ್ನು ನೋಡಿ ಮನೆಗೆ ಬರುವವಳು ನಾನು. ನನಗೆ ಭಯವಾಗುತ್ತಿತ್ತು.

ಒಮ್ಮೆ ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಅಕ್ಕನ ಕೈಯಲ್ಲಿ ನರ ಸಿಗಲಿಲ್ಲ. ಕೊನೆಗೆ ನರ್ಸ್ ಬಿಸಿನೀರಿನಲ್ಲಿ ಟವೆಲ್ ಹಿಂಡಿ ಕೈಗೆ ಸುತ್ತಿ, ನರ ಉಬ್ಬಲಿ ಎಂದು ಕಾಯುತ್ತ ಕೂತಳು. ಅದನ್ನು ನೋಡಲಾಗದೆ ನಾನು ಹೊರಗೆ ಹೋದೆ.

ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ಅವಳ ಕೋಣೆಗೆ ಹೋದೆ. ಒಳಗೆ ಹೋಗುವ ಬದಲು ಬಾಗಿಲನ್ನು ಉಗುರಿನಿಂದ ತಟ್ಟಿ, ಈ ಕಡೆ ತಿರುಗುತ್ತಾಳೋ ಇಲ್ಲವೋ ಎಂದು ನೋಡುತ್ತ ನಿಂತೆ.

“ಇಲಿ ನೋಡ್ದಂಗೆ ನೋಡ್ಬೇಡ ಕಣೇ,” ಎಂದಳು ಅಕ್ಕ, ತಿರುಗದೆ.

ನಾಚಿಕೆಯಾಗಿ ಒಳಗೆ ಹೋಗಿ ಅವಳ ಕಾಲ ಬಳಿ ನಿಂತೆ. ಅವಳೇ ಕೇಳಿದಳು. “ಅವು ಆಮೇಲೆ ಮೊದಲಿನ ಥರ ಆಗ್ತಾವಾ?”

ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಚಿಕ್ಕಂದಿನಿಂದ ಅವಳ ಹತ್ತಿರ ನನ್ನ ಒಂದು ಸುಳ್ಳೂ ನಡೆದಿಲ್ಲ. ಪ್ರಯೋಗ ಮುಗಿದ ದಿನವೇ ಹೃದಯ, ರಕ್ತನಾಳ ಪರೀಕ್ಷಿಸಲು ಎಲ್ಲ ಇಲಿಗಳನ್ನೂ ಕೊಂದುಬಿಡುತ್ತೇವೆ. ಬದುಕಲು ಬಿಟ್ಟಿದ್ದರೆ ಮುಂದೇನಾಗುತ್ತಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಕಾಫಿ ಕೆಳಗಿಟ್ಟು ಅವಳ ಪಾದ ಹಿಡಿದೆ. ತಣ್ಣಗಿತ್ತು. ಉಜ್ಜುತ್ತ ಕೂತೆ.

“ಗೊತ್ತಿಲ್ಲ ಕಣಕ್ಕ,” ಎಂದೆ. “ಅಲ್ಲೀವರೆಗೂ ನಾವು ಯಾವ್ದನ್ನೂ ಬದುಕೋಕೆ ಬಿಟ್ಟಿಲ್ಲ.”