ಅಕ್ಕ ಬಾಯಿ ಮುಚ್ಚಿಕೊಂಡಿದ್ದ ದಿನಗಳು

ಕಳೆದ ವಾರ ನಮ್ಮವರು ದವಡೆಯ ಹಲ್ಲು ಕೀಳಿಸಿಕೊಂಡು ಬಂದರು. ಎರಡು ಇಡ್ಲಿಯನ್ನು ತಿಳಿಸಾರಿನಲ್ಲಿ ನೆನೆಸಿ ಮಿಕ್ಸಿಗೆ ಹಾಕಿ ತಿರುಗಿಸಿದೆ. ಮುಚ್ಚಳ ತೆಗೆದ ಕೂಡಲೇ ಹುಳಿ, ಇಂಗು, ಬೆಂದ ಉದ್ದು ಎಲ್ಲ ಕಲೆತ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಆಸ್ಪತ್ರೆಯ ಊಟ ಇದು ಅಂತ ನಮ್ಮವರು ಮುಖ ಸಿಂಡರಿಸಿದರು. ನನಗೆ ಮಾತ್ರ ಮೈಯೆಲ್ಲ ಹಗುರಾದ ಹಾಗಾಯಿತು. ನನ್ನ ಓರಗಿತ್ತಿ ಬಾಯಿ ಮುಚ್ಚಿಕೊಂಡು ಕೂತಿದ್ದ ದಿನಗಳ ವಾಸನೆ ಅದು...

ಓರಗಿತ್ತಿ ಅಂದರೆ ನಮ್ಮವರ ಅಣ್ಣನ ಹೆಂಡತಿ. ಅಕ್ಕ ಅಂತ ಕರೆಯುತ್ತಿದ್ದೆ. ಎದುರಿಗೆ ಬಹುವಚನ, ಮನಸ್ಸಿನೊಳಗೆ ಏಕವಚನ. ಇಲ್ಲಿ ಬರೆಯುವಾಗ ಮನಸ್ಸಿನಲ್ಲಿದ್ದುದೇ ಇರಲಿ. ಉಡುಪಿಯ ಕಡೆಯಿಂದ ಬಂದ ನಮ್ಮ ಮಾವ ಚೆನ್ನೈಯ ಮೈಲಾಪೂರದಲ್ಲಿ ಶುರು ಮಾಡಿದ ಹೋಟೆಲು ನಮ್ಮದು. ಹೋಟೆಲಿನ ಗಲ್ಲಾಪೆಟ್ಟಿಗೆ ಭಾವನದು, ಮನೆಯ ಮಾತು ಅಕ್ಕನದು. ನನ್ನ ಬಣ್ಣ, ತವರಿನ ಬಡತನ, ನನಗೆ ಮಕ್ಕಳಾಗದ್ದು, ಯಾವುದನ್ನೂ ಆಡದೆ ಬಿಟ್ಟವಳಲ್ಲ. ಎಲ್ಲವನ್ನೂ ನುಂಗಿಕೊಂಡೆ. ಒಂದನ್ನು ಮಾತ್ರ ನುಂಗಲಾಗಲಿಲ್ಲ.

ಅವಳ ಮಗನ ಉಪನಯನದ ಹಿಂದಿನ ದಿನ ಊರಿನಲ್ಲಿ ನನ್ನ ಅಮ್ಮ ತೀರಿಕೊಂಡಳು. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಮನೆಯ ಫೋನ್ ಇದ್ದದ್ದು ಅಕ್ಕನ ಕೋಣೆಯಲ್ಲಿ. ನನ್ನ ಅಣ್ಣ ಫೋನ್ ಮಾಡಿ, ತಂಗಿಯನ್ನು ರಾತ್ರಿಯ ರೈಲಿಗೆ ಹತ್ತಿಸಿ, ನಾವು ಕಾಯುತ್ತೇವೆ ಅಂದನಂತೆ. ಅಕ್ಕ ನಿಂತಲ್ಲೇ ಉತ್ತರ ಕೊಟ್ಟಳಂತೆ: ‘ಅವಳಿಗೆ ಬರ್ಲಿಕ್ಕಾಗುದಿಲ್ಲ. ನೀವು ಮುಗಿಸಿ.’ ಹೆತ್ತವರು ಹೋದರೆ ಮದುವೆಯಾದ ಹೆಣ್ಣಿಗೂ ಮೂರು ದಿನ ಸೂತಕ. ಅದು ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ನನ್ನ ಕಿವಿಗೆ ಬಿದ್ದರೆ ಅಡುಗೆಗೂ ಬಡಿಸಲಿಕ್ಕೂ ಒಂದು ಜನ ಕಡಿಮೆ, ಶುಭಕಾರ್ಯದ ಮನೆಯಲ್ಲಿ ಅಳು ಬೇರೆ. ಅದಕ್ಕೇ ನನಗೂ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ. ಮರುದಿನ ಮಾತೃಭೋಜನದಲ್ಲಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಎಲೆಯಲ್ಲಿ ಉಣ್ಣುತ್ತಿದ್ದ ಅವಳಿಗೆ ಪಾಯಸ ಬಡಿಸಿದವಳು ನಾನು. ರೇಷ್ಮೆ ಸೀರೆ ಉಟ್ಟಿದ್ದೆ, ಮಲ್ಲಿಗೆ ಮುಡಿದಿದ್ದೆ, ನಗುತ್ತಿದ್ದೆ. ಸಂಜೆ ನೆಂಟರೆಲ್ಲ ಹೋದ ಮೇಲೆ ಹೇಳಿದಳು. ನಾನು ಊರು ಮುಟ್ಟುವಾಗ ಬೂದಿಯೂ ಆರಿತ್ತು.

ಇಪ್ಪತ್ತು ವರ್ಷ ಅವಳ ಜೊತೆಗೇ ಹಬ್ಬ ಮಾಡಿದೆ, ಅವಳ ಮಗನಿಗೆ ಉಣಿಸಿ ಬಡಿಸಿ ದೊಡ್ಡವನನ್ನಾಗಿ ಮಾಡಿದೆ. ಭಾವ ಹೋದ ಮೇಲೆ ಗಲ್ಲಾಪೆಟ್ಟಿಗೆಯೂ ಅವಳ ಕೈಗೇ ಬಂತು. ಹುಡುಗನಿಗೆ ನುಂಗಂಬಾಕ್ಕಂನ ಹೆಣ್ಣು ನಿಶ್ಚಯವಾಯಿತು. ನಿಶ್ಚಿತಾರ್ಥದಲ್ಲಿ ಫೋಟೋ ತೆಗೆಯುವವನು ಅಕ್ಕನಿಗೆ ‘ಪಾಟ್ಟಿ, ಕೊಂಚಂ ತಳ್ಳಿ ನಿಲ್ಲುಂಗ’ ಅಂದುಬಿಟ್ಟ. ಅಜ್ಜಿ, ಸ್ವಲ್ಪ ಆಚೆ ನಿಲ್ಲಿ ಅಂತ. ಹುಡುಗಿಯ ತಾಯಿ ಪಕ್ಕದಲ್ಲೇ ಮಗಳಿಗೆ ಅಕ್ಕನೋ ಅನ್ನುವ ಹಾಗೆ ನಿಂತಿದ್ದಳು. ನಮ್ಮ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ, ಅಷ್ಟರಲ್ಲಿ ನಾವು ಬೇರೆಯಾಗಿ ಮಾಡಿಕೊಂಡಿದ್ದ ಫ್ಲ್ಯಾಟಿಗೆ ಬಂದಳು.

‘ಮುಖದ ಆಪರೇಷನ್ ಉಂಟಂತೆ. ಇಳಿದ ಚರ್ಮ ಎಳೆದು ಕಿವಿಯ ಹತ್ರ ಹೊಲಿಯುದು. ಮದುವೆಗೆ ಸರಿ ಆಗ್ತದಂತೆ,’ ಅಂದಳು. ‘ಕೇರಳಕ್ಕೆ ಮಂಡಿನೋವಿನ ಎಣ್ಣೆ ಚಿಕಿತ್ಸೆಗೆ ಹೋಗಿದ್ದೇನೆ ಅಂತ ಎಲ್ಲರಿಗೂ ಹೇಳುದು. ಮೊಬೈಲ್ ಬಂದ್ ಮಾಡಿ ನಿನ್ನ ಒಳಕೋಣೆಯಲ್ಲಿ ಇರ್ತೇನೆ. ನೀನು ಬಾಯಿ ಬಿಡುವವಳಲ್ಲ ಮಾರಾಯ್ತಿ, ನಂಗೆ ಗೊತ್ತುಂಟು.’

‘ನಿಮ್ಮ ಅಮ್ಮ ಹಾಸಿಗೆ ಹಿಡಿದಿದ್ದಾರಲ್ಲ ಅಕ್ಕ, ಊರಿಂದ ಏನಾದ್ರೂ ಕರೆ ಬಂದ್ರೆ?’ ಅಂತ ಕೇಳಿದೆ.

‘ಅಮ್ಮ ವರ್ಷದಿಂದ ಹಾಗೇ ಇದ್ದಾರೆ. ಮುಹೂರ್ತ ಕಾಯ್ತದಾ?’

ಆಯಿತು, ಬನ್ನಿ ಅಂದೆ. ಹಾವು ತಾನಾಗಿ ಬುಟ್ಟಿಗೆ ಬರುತ್ತೇನೆ ಅಂದರೆ ಬೇಡ ಅನ್ನುವುದುಂಟೇ. ನಮ್ಮವರಿಗೂ ವಿಷಯ ತಿಳಿಸಿದ್ದಾಯಿತು. ಅವರು ಅತ್ತಿಗೆಯ ಎದುರು ಬಾಯಿ ತೆರೆಯುವ ಜಾತಿಯಲ್ಲ.

ಆಪರೇಷನ್ ಆಗಿ ಒಂದು ರಾತ್ರಿ ಅಲ್ಲೇ ಇಟ್ಟುಕೊಂಡು, ಕಿವಿಯ ಹಿಂದೆ ಸಿಕ್ಕಿಸಿದ್ದ ರಕ್ತ ಬಸಿಯುವ ಕೊಳವೆ ತೆಗೆದು ನನ್ನ ಕೈಗೆ ಒಪ್ಪಿಸಿದರು. ನೆತ್ತಿಯಿಂದ ಗಲ್ಲದವರೆಗೆ ಸುತ್ತಿದ ಪಟ್ಟಿ. ನರ್ಸ್ ಒಂದೊಂದಾಗಿ ಹೇಳಿದಳು. ತಲೆ ಎತ್ತರಕ್ಕಿಟ್ಟು ಅಂಗಾತ ಮಲಗಬೇಕು. ಬಗ್ಗಬಾರದು, ಕುತ್ತಿಗೆ ಹೊರಳಿಸಬಾರದು. ಉಪ್ಪು ಕಡಿಮೆ, ಅಗಿಯುವಂಥದ್ದು ಬೇಡ. ಕೊನೆಗೆ, ‘ರೊಂಬ ಪೇಸಕ್ಕೂಡಾದು ಮಾ, ಸಿರಿಕ್ಕಕ್ಕೂಡಾದು.’ ಹೆಚ್ಚು ಮಾತಾಡಬಾರದು, ನಗಬಾರದು. ಅಷ್ಟು ಇಂಪಾದ ತಮಿಳನ್ನು ನಾನು ಈ ಚೆನ್ನೈಯಲ್ಲಿ ಯಾವತ್ತೂ ಕೇಳಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಓರಗಿತ್ತಿಗೂ ಒಂದು ಕಾಲ ಬರುತ್ತದೆ ಅಂದುಕೊಂಡು ಅವಳನ್ನು ನಿಧಾನವಾಗಿ ಕಾರಿಗೆ ಹತ್ತಿಸಿದೆ.

ಮೊದಲ ದಿನಕ್ಕಿಂತ ಆಮೇಲೆಯೇ ಊತ ಹೆಚ್ಚು. ಚಂದ ಕಾಣುವ ಮೊದಲು ವಿಕಾರ ಕಾಣುತ್ತೀರಿ, ಹೆದರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಕೆನ್ನೆಗಳು ಪೂರಿಯ ಹಾಗೆ ಉಬ್ಬಿ, ಕಣ್ಣು ಎರಡು ಗೀಟು ಆಗಿದ್ದವು. ಕೆನ್ನೆಯ ನೀಲಿ ಕುತ್ತಿಗೆಗೆ ಇಳಿದು ಅಂಚಿನಲ್ಲಿ ಹಳದಿಗೆ ತಿರುಗುತ್ತಿತ್ತು. ಕಿವಿ ಮುಟ್ಟಿದರೂ ಕೆನ್ನೆ ಮುಟ್ಟಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಜೋಮು ಬಿಡಲು ತಿಂಗಳುಗಳೇ ಬೇಕಂತೆ. ಕನ್ನಡಿ ಕೇಳಿದಳು, ಮನೆಯಲ್ಲಿದ್ದದ್ದರಲ್ಲಿ ದೊಡ್ಡದನ್ನೇ ತಂದುಕೊಟ್ಟೆ.

ಶುಶ್ರೂಷೆಯಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪು ಮಾಡಲಿಲ್ಲ. ಹೊತ್ತಿಗೆ ಮಾತ್ರೆ, ಹೊಲಿಗೆಗೆ ಮುಲಾಮು, ಕಣ್ಣಿಗೆ ತಣ್ಣೀರ ಬಟ್ಟೆ. ಮಧ್ಯಾಹ್ನ ಅರೆದ ಇಡ್ಲಿಯನ್ನು ಚಮಚದಲ್ಲಿ ಕುಡಿಸುತ್ತಾ ಉಪನಯನದ ದಿನದ್ದನ್ನು ಹೇಳುತ್ತಿದ್ದೆ. ದಿನವೂ ಹೇಳಿದೆ. ‘ನನ್ನ ಅಮ್ಮನಿಗೂ ಗಲ್ಲಕ್ಕೆ ಹೀಗೇ ಕಟ್ಟಿದ್ರಂತೆ ಅಕ್ಕ. ನಾನು ನೋಡ್ಲಿಲ್ಲ. ಈಗ ನಿಮ್ಮದು ನೋಡಿದ ಹಾಗಾಯ್ತು.’ ಉತ್ತರ ಕೊಡಲು ಅವಳಿಗೆ ಬಾಯಿಲ್ಲ, ಎದ್ದು ಹೋಗಲು ಜಾಗವಿಲ್ಲ. ಆದರೆ ನನ್ನ ಮಾತು ನಾಟಿತೋ ಇಲ್ಲವೋ ನೋಡೋಣವೆಂದರೆ ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನಾಚಿಕೆಯಾದರೂ ಅದೇ ಊತ, ಸಿಟ್ಟು ಬಂದರೂ ಅದೇ ಊತ. ಒಂದೇ ಒಂದು ಸಲ ಅವಳು ಕುಗ್ಗುವುದನ್ನು ಕಣ್ಣಾರೆ ಕಾಣಬೇಕು ಅಂತ ಇಪ್ಪತ್ತು ವರ್ಷದಿಂದ ಕಾದಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಅವಳ ತಮ್ಮ ಊರಿಂದ ನನಗೆ ಫೋನ್ ಮಾಡಿದ. ‘ಅಮ್ಮ ಹೋದ್ರು. ಅಕ್ಕ ಇರುವಲ್ಲಿಯ ನಂಬರ್ ಅವಳ ಮಗನ ಹತ್ರವೂ ಇಲ್ಲ, ನಿಮ್ಮ ಹತ್ರ ಮಾತ್ರ ಉಂಟಂತೆ. ಹೇಗಾದ್ರೂ ತಿಳಿಸಿ. ನಾಳೆ ಬೆಳಿಗ್ಗೆವರೆಗೆ ಕಾಯ್ತೇವೆ.’

ಕೇಳಿ ಹೇಳುತ್ತೇನೆ ಅಂದು ಇಟ್ಟೆ. ರಕ್ತದೊತ್ತಡ ಏರಬಾರದು, ಅಳಬಾರದು ಅಂತ ಡಾಕ್ಟರು ಎಚ್ಚರಿಸಿದ್ದರು. ಮುಚ್ಚಿಡಲು ಒಳ್ಳೆಯ ನೆಪವೇ ಇತ್ತು. ನಾನು ಒಂದು ಗಳಿಗೆಯೂ ತಡಮಾಡಲಿಲ್ಲ. ನೇರ ಒಳಕೋಣೆಗೆ ಹೋದೆ.

‘ಅಕ್ಕ, ನಿಮ್ಮ ಅಮ್ಮ ತೀರಿಕೊಂಡ್ರು. ಬೆಳಿಗ್ಗೆವರೆಗೆ ಕಾಯ್ತಾರಂತೆ. ವಿಮಾನಕ್ಕೆ ಟಿಕೆಟ್ ಮಾಡಿಸ್ಲಾ?’

ಹೊಲಿಗೆಯ ಬಿಗಿತದಲ್ಲಿ ತುಟಿ ಅರ್ಧ ತೆರೆಯಿತು. ‘ಹೇಳದಿದ್ರೆ ಆಗ್ತಿತ್ತಲ್ಲ.’

‘ಹೇಳದೆ ಇರುದು ನಂಗೆ ಬರುದಿಲ್ಲ ಅಕ್ಕ. ಅದು ನಿಮ್ಗೆ ಬರ್ತದೆ.’

ಕಣ್ಣಿನ ಗೀಟಿನಿಂದ ನೀರು ಇಳಿಯಿತು. ಕೆನ್ನೆ ದಾಟಿ ಪಟ್ಟಿಯ ಅಂಚನ್ನು ಒದ್ದೆ ಮಾಡಿತು. ಒರೆಸಿಕೊಳ್ಳಲು ಅವಳ ಕೈ ಏಳಲಿಲ್ಲ. ಚರ್ಮಕ್ಕೆ ಜೋಮು, ತಾನು ಅಳುತ್ತಿರುವುದು ಅವಳಿಗೇ ತಿಳಿದಿತ್ತೋ ಇಲ್ಲವೋ... ಹೊಲಿಗೆ ಒದ್ದೆಯಾಗಬಾರದು ಅಂತ ಹತ್ತಿ ತಂದು ನಾನೇ ಒತ್ತಿ ಒರೆಸಿದೆ. ಅವಳು ಕನ್ನಡಿ ಎತ್ತಿ ಬಹಳ ಹೊತ್ತು ನೋಡಿಕೊಂಡಳು. ಆ ಮುಖ ಹೊತ್ತುಕೊಂಡು ಊರಿನ ಜನರ ನಡುವೆ ಇಳಿಯಬೇಕಿತ್ತು. ಕನ್ನಡಿ ಮಗುಚಿಟ್ಟು, ಬೇಡ ಅಂತ ಕೈ ಆಡಿಸಿದಳು.

‘ನೀನೇ ಹೇಳು.’

ಅವಳೆದುರಿಗೇ ನಿಂತು ಫೋನ್ ಮಾಡಿದೆ. ‘ಅವರಿಗೆ ಬರ್ಲಿಕ್ಕಾಗುದಿಲ್ಲ. ನೀವು ಮುಗಿಸಿ.’ ಅವಳದೇ ಮಾತು. ಮಾಡಿದ್ದುಣ್ಣೋ ಮಹರಾಯ. ನನ್ನ ಹೊಟ್ಟೆ ತಣ್ಣಗಾಯಿತು. ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಹೊಲಿಗೆ ಬಿಚ್ಚಿದರು. ಅದರ ಮರುವಾರ ಅವಳು ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಈ ಆಪರೇಷನ್ ಆದವರಿಗೆ ಕೆಲವು ದಿನ ಮನಸ್ಸು ಕುಸಿಯುವುದು ಸಹಜ, ಊತ ಇಳಿದ ಹಾಗೆ ಸರಿಹೋಗುತ್ತದೆ ಅಂದರು ಡಾಕ್ಟರು. ಅವಳ ಅಮ್ಮ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಊತ ಇಳಿಯಿತು, ನೀಲಿ ಹೋಯಿತು, ಮದುವೆಯ ಹೊತ್ತಿಗೆ ಮುಖ ನಿಜಕ್ಕೂ ಚಂದ ಬಂತು. ಸುಳ್ಳು ಯಾಕೆ ಹೇಳಲಿ.

ಮದುವೆಯ ಊಟದ ಹಾಲಿನಲ್ಲಿ ಅವಳ ತಮ್ಮನ ಹೆಂಡತಿ, ಅತ್ತೆಯ ಮುಖ ನೋಡಲಿಕ್ಕೂ ನೀವು ಬರಲಿಲ್ಲವಲ್ಲ ಅಂತ ಕೇಳಿದಳು. ನಾನು ಹಿಂದೆಯೇ ನಿಂತಿದ್ದೆ. ಅಕ್ಕ ತಿರುಗಿ ನನ್ನನ್ನು ನೋಡಿಕೊಂಡೇ ಉತ್ತರ ಕೊಟ್ಟಳು.

‘ನಂಗೆ ಹೇಳಿದ್ರೆ ಅಲ್ವಾ ಬರುದು? ಇವಳು ಎಲ್ಲ ಮುಗಿದ ಮೇಲೆ ತಿಳಿಸಿದ್ದು.’

ಅವಳ ತಮ್ಮ ಊಟ ನಿಲ್ಲಿಸಿ ನನ್ನನ್ನು ನೋಡಿದ. ಮುಗಿಸಿ ಅಂತ ಫೋನಿನಲ್ಲಿ ಹೇಳಿದ ಸ್ವರ ನನ್ನದೇ ತಾನೇ. ಅಕ್ಕನ ಹೊಸ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳ ಕಿವಿಯ ಹಿಂದಿನ ಕೂದಲು ಸರಿಸಿ ಹೊಲಿಗೆಯ ಗುರುತು ತೋರಿಸಿದ್ದರೆ ಸಾಕಿತ್ತು. ಆದರೆ ಮಂಟಪದಲ್ಲಿ ಕೂತ ಹುಡುಗ ಚಿಕ್ಕಮ್ಮ ಅನ್ನುವುದನ್ನು ತಮಿಳಿನಲ್ಲೇ ‘ಚಿತ್ತಿ, ಚಿತ್ತಿ’ ಅಂತ ಕರೆಯುತ್ತಾ ನನ್ನ ಸೆರಗು ಹಿಡಿದು ಬೆಳೆದವನು. ಅವನ ಮದುವೆಯ ದಿನ ಅವನ ತಾಯಿಯ ಮಾನ ತೆಗೆಯಲು ಕೈ ಬರಲಿಲ್ಲ.

ಆಮೇಲೆ ಹೇಳಬಹುದಿತ್ತು. ಹೇಳದೆ ಇರುವುದರಲ್ಲಿ ನನಗೊಂದು ಸುಖ ಸಿಕ್ಕಿತು. ಯಾರ ಮನೆಯ ಪೂಜೆಯಾಗಲಿ, ನಾನು ಒಳಗೆ ಕಾಲಿಟ್ಟ ಕೂಡಲೇ ಅವಳ ಕೈ ಕಿವಿಯ ಮೇಲಿನ ಕೂದಲಿಗೆ ಹೋಗುತ್ತಿತ್ತು. ಇವಳು ಇವತ್ತು ಹೇಳುತ್ತಾಳೋ, ನಾಳೆ ಹೇಳುತ್ತಾಳೋ... ಹೆದರಿಕೊಂಡೇ ಇರಲಿ ಅಂತ ಬಿಟ್ಟೆ.

ಕಳೆದ ವರ್ಷ ಅವಳು ಹೃದಯಾಘಾತದಿಂದ ಹೋದಳು. ವೈಕುಂಠ ಸಮಾರಾಧನೆಯ ಊಟಕ್ಕೆ ತಮ್ಮನ ಹೆಂಡತಿ ನನ್ನ ಪಕ್ಕದಲ್ಲೇ ಕೂತಳು.

‘ಕೊನೆವರೆಗೂ ಹೇಳಿಕೊಂಡು ಅಳ್ತಿದ್ರು,’ ಅಂದಳು. ‘ಅಮ್ಮನ ಮುಖ ನೋಡ್ಲಿಕ್ಕೆ ನೀವು ಬಿಡ್ಲಿಲ್ಲ ಅಂತ.’

ಅಳುತ್ತಿದ್ದಳಂತೆ. ಅದರಲ್ಲಿ ನಾಟಕ ಎಷ್ಟು, ನಿಜ ಎಷ್ಟು... ಬಡಿಸಿದ್ದನ್ನೆಲ್ಲ ಎಲೆಯಲ್ಲೇ ಬಿಟ್ಟು ಎದ್ದೆ.

ಅದಕ್ಕೇ ಈಗ ಬರೆದಿದ್ದೇನೆ. ಸುದ್ದಿ ಮುಚ್ಚಿಟ್ಟವಳು ನಾನಲ್ಲ. ಬಂದ ಗಳಿಗೆಯಲ್ಲೇ ಹೇಳಿದೆ. ಮುಖಕ್ಕೋಸ್ಕರ ಬೇಡ ಅಂದವಳು ಅವಳು. ಅವಳ ತಮ್ಮ ಓದಲಿ, ಅವನ ಹೆಂಡತಿ ಓದಲಿ. ಹುಡುಗನಿಗೆ ಹೇಗೂ ಕನ್ನಡ ಓದಲು ಬರುವುದಿಲ್ಲ. ನಮ್ಮವರು ಊದಿದ ದವಡೆ ಹಿಡಿದುಕೊಂಡೇ ಇಷ್ಟನ್ನೂ ಓದಿ, ಸತ್ತವರ ಮೇಲೆ ಇದೆಲ್ಲ ಯಾಕೆ ಅಂದರು. ಅವಳು ಇರಬೇಕಿತ್ತು, ಇದನ್ನು ಓದಲಿಕ್ಕಾದರೂ.